ಹಿಂಬದಿಯ ಮಂಜು

ಕನ್ನಡಿಯಮ್ಮನ ಎದೆಯೊಳಗೆ ಏನೋ ಇದೆಯೆಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಆ ಎದೆಯ ಒಡತಿಗೆ ಮಾತ್ರ. ಇದೆಂಥ ಮನೆ ಎಂದು ಮೂಗಿನ ಮೇಲೆ ಬೆರಳಿಡುವವರು ಮೊದಲು ಆ ಮನೆಯ ದಿನಚರಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಕೆಳಗೆ ಕನ್ನಡಿ ಅಂಗಡಿ, ಮೇಲೆ ವಾಸ. ಗಾಜು ಕತ್ತರಿಸಿ, ಅಂಚು ಉಜ್ಜಿ, ಚೌಕಟ್ಟು ಕೂರಿಸುವುದು ಯಜಮಾನನ ಕೆಲಸ. ಹಾಳೆಯಲ್ಲಿ ಕೂದಲೆಳೆಯಷ್ಟು ಗೀರು ಕಂಡರೂ ಸಾಕು, ಗಾಜು ತಂದವನ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಹಾಗಾಗಿ ಬೀದಿಯವರು ಅವನಿಗೆ ಗೀರಪ್ಪ ಎಂದು ಹೆಸರಿಟ್ಟಿದ್ದರು. ಮಗ ಹೊಸ ಕಟ್ಟಡಗಳಿಗೆ ಹೋಗಿ ಕಿಟಕಿಗಾಜು ಕೂರಿಸುತ್ತಿದ್ದ. ಸೊಸೆಗೆ ದೊಡ್ಡ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ. ಉಳಿದದ್ದೆಲ್ಲ ಕನ್ನಡಿಯಮ್ಮನದು. ಅಡುಗೆ ಅವಳದು, ಆಗಷ್ಟೇ ಓಡಾಡಲು ಕಲಿತ ಮೊಮ್ಮಗಳು ಪುಟ್ಟಿ ಅವಳ ಪಾಲಿಗೆ, ಅಂಗಡಿಯ ಕೊನೆಯ ಒರೆತವೂ ಅವಳದೇ. ಅವಳು ಒರೆಸಿ, ಓರೆಯಾಗಿ ನಿಂತು ನೋಡಿ, ಹೂಂ ಎನ್ನದೆ ಒಂದು ಕನ್ನಡಿಯೂ ಹೊಸ್ತಿಲು ದಾಟುತ್ತಿರಲಿಲ್ಲ.

ಹೀಗೆ ಎತ್ತರದ ಕನ್ನಡಿಯೊಂದರ ತಲೆ ಒರೆಸುವಾಗಲೇ ಅವಳು ಕುರ್ಚಿಯಿಂದ ಬಿದ್ದದ್ದು. ಪಕ್ಕೆ ಮೇಜಿನ ಮೂಲೆಗೆ ಬಡಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಅದರಲ್ಲಿ ಏನೋ ಅನುಮಾನ ಬಂದು ಸ್ಕ್ಯಾನ್ ಕೂಡ ಮಾಡಿದರು. ಅವಳು ಪರದೆಯ ಹಿಂದೆ ನರಳುತ್ತ ಬಟ್ಟೆ ಬದಲಿಸಿಕೊಳ್ಳುತ್ತಿದ್ದಾಗ ವೈದ್ಯರು ಮನೆಯವರನ್ನು ಒಳಗೆ ಕರೆದರು. ಗಂಡ, ಮಗ, ಸೊಸೆ ಮೂವರೂ ಹೋದರು. ಹೊರಬಂದ ಸೊಸೆ ಅವಳ ಕೈ ಹಿಡಿದು, ಮೂಳೆ ಮುರಿದಿಲ್ಲ ಅತ್ತೆ, ಏನಿಲ್ಲ, ನಡೀರಿ ಅಂದಳು.

ಗಂಡನೋ ಮಗನೋ ಹಾಗೆ ಹೇಳಿದ್ದರೆ ಕನ್ನಡಿಯಮ್ಮ ಇನ್ನೆರಡು ಪ್ರಶ್ನೆ ಕೇಳುತ್ತಿದ್ದಳು. ಸೊಸೆಯ ಮಾತಿಗೆ ಮರುಮಾತಿರಲಿಲ್ಲ. ಮಗು ಹುಟ್ಟಿದ ಮೇಲೆ ಸೊಸೆ ಕೆಲಸಕ್ಕೆ ಹೋಗುವುದು ಬೇಡವೆಂದು ಗಂಡಸರಿಬ್ಬರೂ ಪಟ್ಟು ಹಿಡಿದಾಗ, ಅವಳ ಪರವಾಗಿ ಸೆರಗು ಬಿಗಿದು ನಿಂತವಳು ಇದೇ ಅತ್ತೆ. ಮಗುವನ್ನು ನಾನು ನೋಡ್ಕೋತೀನಿ, ಅವಳು ಹೋಗೇ ಹೋಗ್ತಾಳೆ ಎಂದು ಒಂದು ವಾರ ಗಂಡನ ಜೊತೆ ಮಾತು ಬಿಟ್ಟಿದ್ದಳು. ಅಂದಿನಿಂದ ಅತ್ತೆ ಸೊಸೆ ಒಂದೇ ಪಕ್ಷ.

ಪಕ್ಕೆನೋವು ಹೋಯಿತು. ಆಮೇಲೆ ಮನೆಯಲ್ಲಿ ಒಂದು ಬದಲಾವಣೆ ಕಾಣಿಸಿಕೊಂಡಿತು. ಅಂಗಡಿಯೊಳಗೇ ಸಿಗರೇಟು ಸೇದುತ್ತಿದ್ದ ಮಗ ಬೀದಿ ಕೊನೆಗೆ ಹೋಗಿ ಸೇದತೊಡಗಿದ. ಹೆಂಡತಿಗೆ ಒಂದು ಲೋಟ ನೀರು ಕೊಟ್ಟು ಗೊತ್ತಿಲ್ಲದ ಗೀರಪ್ಪ ಸೇಬು ತಂದು, ಸಿಪ್ಪೆ ಸುಲಿದು, ಹೋಳು ಮಾಡಿ ತಟ್ಟೆಯಲ್ಲಿಟ್ಟು ಕೊಡತೊಡಗಿದ. ಗಾಜಿನ ಪುಡಿ ಗುಡಿಸುವ ಪೊರಕೆಯನ್ನು ಸೊಸೆ ಅವಳ ಕೈಯಿಂದ ಕಿತ್ತುಕೊಂಡಳು. ಕನ್ನಡಿಯಮ್ಮನಿಗೆ ಇದೆಲ್ಲ ಎಷ್ಟು ಹಿತವಾಗಿತ್ತೆಂದರೆ, ಎದುರು ಅಂಗಡಿಯ ದರ್ಜಿ ಹೆಂಗಸಿನ ಮುಂದೆ ಕೂತು, ಬಿದ್ದದ್ದೇ ಒಳ್ಳೇದಾಯ್ತು ನೋಡು, ಈ ವಯಸ್ಸಲ್ಲಿ ನನ್ನ ಬೆಲೆ ಗೊತ್ತಾಗಿದೆ ಇವರಿಗೆ ಎಂದು ಕೊಚ್ಚಿಕೊಂಡಳು. ದರ್ಜಿ ತಲೆ ಎತ್ತದೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು.

ಪಾಪ, ಎಂಥ ಹುಚ್ಚು ಹೆಂಗಸು ಎಂದು ಈಗ ಅನಿಸುತ್ತದೆ. ಆದರೆ ಸುಲಿದ ಸೇಬು ಕೈಗೆ ಬಂದಾಗ ಯಾಕೆ ಬಂತು ಎಂದು ಯಾರು ತಾನೇ ಕೇಳುತ್ತಾರೆ?

ನೃತ್ಯಶಾಲೆಯೊಂದರ ಗೋಡೆಗಳಿಗೆ ಆಳೆತ್ತರದ ಕನ್ನಡಿಗಳನ್ನು ಒಪ್ಪಿಸುವ ದೊಡ್ಡ ಕೆಲಸ ನಡೆಯುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ಅಂಗಡಿಯ ಫೋನ್ ಬಡಿದುಕೊಂಡಿತು. ಗೀರಪ್ಪನ ಕೈಯೆಲ್ಲ ಅಂಟು. ತಗೋ ಅಂದ, ಕನ್ನಡಿಯಮ್ಮ ತಗೊಂಡಳು. ಆಸ್ಪತ್ರೆಯ ಹುಡುಗಿಯೊಬ್ಬಳು ಮಾತಾಡಿದಳು. ಶ್ವಾಸಕೋಶದ ಗಂಟಿಗೆ ಮೂರು ತಿಂಗಳಿಗೆ ಮರುಸ್ಕ್ಯಾನ್ ಹೇಳಿದ್ದೆವು, ಅದು ಕಳೆದು ಇನ್ನೂ ಮೂರು ತಿಂಗಳಾಯಿತು, ಯಾಕೆ ಬಂದಿಲ್ಲ ಎಂದು ಕೇಳಿದಳು. ಕನ್ನಡಿಯಮ್ಮ ನಂಬರ್ ತಪ್ಪಾಗಿರಬೇಕು ಅಂದಳು. ಹುಡುಗಿ ರೋಗಿಯ ವಯಸ್ಸು ಹೇಳಿದಳು, ಕುರ್ಚಿಯಿಂದ ಬಿದ್ದದ್ದನ್ನೂ ಹೇಳಿದಳು. ಈ ಹಿಂದೆ ಮನೆಯವರೊಬ್ಬರು ಮಾತಾಡಿ, ಕೆಲಸ ಮುಗಿದ ಮೇಲೆ ಕರ್ಕೊಂಡು ಬರ್ತೀವಿ ಅಂದಿದ್ದರಂತೆ.

ಕನ್ನಡಿಯಮ್ಮ ಬರ್ತೀನಿ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಯಾರು ಎಂದು ಗಂಡ ಕೇಳಿದ. ನನ್ನ ಕಡೆಯವರು ಅಂದು ಮೆಟ್ಟಿಲು ಹತ್ತಿ ಹೋಗಿ ಅಡುಗೆಗೆ ನಿಂತಳು. ಬೇಳೆ ಬೇಯಿಸಿದಳು, ಆಲೂಗಡ್ಡೆ ಹುರಿದಳು, ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡಿದಳು. ಅವತ್ತು ಮಗನಿಗೂ ಸೊಸೆಗೂ ರಜೆ, ಎಲ್ಲರೂ ಮನೆಯಲ್ಲೇ. ತಟ್ಟೆ ಹಾಕಿ, ಬಡಿಸಿ, ಎಲ್ಲರ ಬಾಯಿಗೂ ಮೊದಲ ತುತ್ತು ಹೋದ ಮೇಲೆ ಕೇಳಿದಳು.

"ನನ್ನ ಎದೇಲಿ ಗಂಟಿದೆಯಂತೆ. ನಿಮ್ಮಲ್ಲಿ ಯಾರ್ಯಾರಿಗೆ ಗೊತ್ತಿತ್ತು?"

ಪುಟ್ಟಿ ಚಮಚದಿಂದ ತಟ್ಟೆ ಬಡಿಯುತ್ತಿತ್ತು. ಮಗ ನೀರು ಕುಡಿದ. ಸೊಸೆ ಅನ್ನ ಕಲಸುತ್ತಲೇ ಹೋದಳು, ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು.

ಕೊನೆಗೆ ಗೀರಪ್ಪನೇ ಬಾಯಿ ಬಿಟ್ಟ, ಅದೂ ತಪ್ಪಿತಸ್ಥನ ದನಿಯಲ್ಲಲ್ಲ. ಹಿಂದೊಮ್ಮೆ ಅವನಿಗೆ ಕೆಮ್ಮು ಬಿಡದೆ ಹತ್ತಿದಾಗ ಅವನ ಎದೆಯಲ್ಲೂ ಒಂದು ಗಂಟು ಸಿಕ್ಕಿತ್ತು. ಸುಣ್ಣಗಟ್ಟಿದ ಗಂಟು, ಹಳೇ ಕಾಯಿಲೆಯ ಗುರುತು, ಮರೆತುಬಿಡಿ ಎಂದು ವೈದ್ಯರು ಕಳಿಸಿದ್ದರು. ಅದನ್ನೇ ಹಿಡಿದುಕೊಂಡ.

"ನಂದು ಕಲ್ಲಿನಂಥ ಗಂಟು. ನಾನು ಸತ್ತೆನಾ? ಗಟ್ಟಿಯಾಗಿರೋದೇ ಏನೂ ಮಾಡ್ಲಿಲ್ಲ. ನಿಂದು ಬರೀ ಮಂಜಿನಂಗಿದೆ ಅಂದ್ರು ಡಾಕ್ಟ್ರು, ನಡುವೆ ಒಂದು ಸಣ್ಣ ಚುಕ್ಕೆ ಅಷ್ಟೇ. ಮಂಜಿಗೆಲ್ಲ ಯಾರಾದ್ರೂ ಹೆದರ್ತಾರಾ?"

ಇದು ಗಾಜಿನವನ ತರ್ಕ. ಗಾಜಿನ ಹಾಳೆಯೊಳಗೆ ಕರಗದ ಹರಳಿದ್ದರೆ ಕೊಯ್ಯುವಾಗ ಅಲ್ಲೇ ಸೀಳಿ ಇಡೀ ಹಾಳೆ ಕೈಬಿಟ್ಟು ಹೋಗುತ್ತದೆ. ಮಂಜು ಕವಿದಿದ್ದರೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರಾಯಿತು. ಜೀವಮಾನವೆಲ್ಲ ಈ ಲೆಕ್ಕದಲ್ಲೇ ಬದುಕಿದವನು ಹೆಂಡತಿಯ ಶ್ವಾಸಕೋಶವನ್ನೂ ಅದೇ ಮೇಜಿನ ಮೇಲೆ ಹಾಕಿ ಅಳೆದಿದ್ದ. ಅವನು ನಿಜಕ್ಕೂ ಹಾಗೆ ನಂಬಿದ್ದ ಎಂಬುದೇ ಅವಳನ್ನು ಹೆಚ್ಚು ಉರಿಸಿತು.

"ಕನ್ನಡಿ ಮುಂದಿನ ಮಂಜು ಬಟ್ಟೆಗೆ ಹೋಗುತ್ತೆ," ಅಂದಳು. "ಗಾಜಿನ ಹಿಂದೆ, ಬೆಳ್ಳಿ ಲೇಪದಲ್ಲೇ ಎದ್ದ ಮಂಜು ಹೋಗುತ್ತಾ? ಅದು ದಿನಾ ಹರಡುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಕನ್ನಡಿನ ಗಿರಾಕಿಗೆ ಕೊಡೋಕೆ ನಿಮಗೆ ಮನಸ್ಸು ಬರಲ್ಲ. ನನ್ನ ಎದೇಲಿ ಅದನ್ನ ಇಟ್ಟು, ದಿನಾ ನನ್ನ ಕೈಲೇ ಬಡಿಸ್ಕೊಂಡು ಉಂಡ್ರಿ."

ಮಗ ನಡುವೆ ಬಂದು, ನಿನಗೆ ಹೆದರಿಕೆ ಆಗಬಾರದು ಅಂತಲೇ ಹೇಳಲಿಲ್ಲ, ನೃತ್ಯಶಾಲೆಯ ಕೆಲಸ ಮುಗಿದ ಮೇಲೆ ಕರ್ಕೊಂಡು ಹೋಗೋಣ ಅಂತಿದ್ವಿ ಅಂದ. ಹೆದರಿಕೆ ನನ್ನದು, ಅದನ್ನ ನಾನು ಪಡ್ತಿದ್ದೆ, ನಿಮಗೇನು ಕಷ್ಟ ಎಂದು ಅವಳು ಕೇಳಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. ಸೊಸೆ ಮಗುವಿನ ಬಾಯಿ ಒರೆಸುವ ನೆಪದಲ್ಲಿ ಎದ್ದು ಹೋದಳು. ಕನ್ನಡಿಯಮ್ಮ ತನ್ನ ತಟ್ಟೆಯನ್ನು ಹಾಗೇ ಮುಚ್ಚಿಟ್ಟು ಕೆಳಗಿಳಿದು, ಬೀದಿ ದಾಟಿ ದರ್ಜಿಯ ಅಂಗಡಿಗೆ ಹೋದಳು. ದುಃಖ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ ಜಾಗ.

ಒಳಗೆ ಕಾಲಿಟ್ಟ ಅವಳ ಮುಖ ನೋಡಿದ್ದೇ ದರ್ಜಿ ಯಂತ್ರ ನಿಲ್ಲಿಸಿ, "ಕೊನೆಗೂ ಹೇಳಿದ್ರಾ?" ಅಂದಳು.

ಕನ್ನಡಿಯಮ್ಮ ನಿಂತಲ್ಲೇ ನಿಂತಳು. ಇಷ್ಟು ದಿನ ಇದೇ ಸ್ಟೂಲಿನ ಮೇಲೆ ಕೂತು ಸೇಬಿನ ಕತೆ ಹೇಳಿ ಬೀಗಿದ್ದಳಲ್ಲ, ಆಗಲೂ ಇವಳಿಗೆ ಗೊತ್ತಿತ್ತು. ನಿಮ್ಮ ಯಜಮಾನ್ರು ಪ್ಯಾಂಟು ಹೊಲಿಸೋಕೆ ಬಂದಾಗ ಹೇಳಿದ್ರು, ಬಾಯಿಬಿಡಬೇಡ ಅಂತ ಆಣೆ ಹಾಕಿಸ್ಕೊಂಡ್ರು ಎಂದು ದರ್ಜಿ ಕೈಕೈ ಹಿಸುಕಿಕೊಂಡಳು. ಗಂಡ ಪ್ಯಾಂಟಿನ ಅಳತೆ ಕೊಡುತ್ತ ನಿಂತು ತನ್ನ ಎದೆಯ ವಿಷಯ ಹೇಳಿದ್ದನ್ನು ನೆನೆದು ಅವಳಿಗೆ ನಾಚಿಕೆಯಾಯಿತು. ತಪ್ಪು ಮಾಡಿದವರು ಅವರು, ನಾಚಿಕೆ ಮಾತ್ರ ಇವಳಿಗೆ. ಹೋದ ಹೆಜ್ಜೆಯಲ್ಲೇ ತಿರುಗಿ ಬಂದಳು.

ಮರುದಿನದಿಂದ ಅವಳು ಕೊನೆಯ ಒರೆತ ಬಿಟ್ಟಳು. ಅಡುಗೆ ಮಾಡಿದಳು, ಮಗುವನ್ನು ನೋಡಿಕೊಂಡಳು, ಕನ್ನಡಿಯ ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. ನೃತ್ಯಶಾಲೆಯ ಕನ್ನಡಿಗಳು ಗೋಡೆಗೆ ಒರಗಿ ಸಾಲಾಗಿ ನಿಂತವು. ಗೀರಪ್ಪ ತಾನೇ ಒರೆಸಿ ಕಳಿಸಿದ. ಬೆರಳಚ್ಚು, ಬಟ್ಟೆಯ ನೂಲು, ಅರ್ಧಚಂದ್ರದಂಥ ಕಲೆಗಳೊಂದಿಗೆ ಎರಡು ಕನ್ನಡಿ ವಾಪಸು ಬಂದವು. ಊರೆಲ್ಲರ ಗೀರು ಹುಡುಕುತ್ತಿದ್ದವನ ಮುಖ ಆಗ ನೋಡಬೇಕಿತ್ತು. ಸೇಬು ಬರುವುದು ನಿಲ್ಲಲಿಲ್ಲ. ಅವಳು ಹೋಳುಗಳನ್ನು ಪುಟ್ಟಿಗೆ ತಿನ್ನಿಸಿ, ಖಾಲಿ ತಟ್ಟೆಯನ್ನು ಅವನ ಮುಂದೆ ಇಡುತ್ತಿದ್ದಳು.

ಸ್ಕ್ಯಾನಿಗೆ ಅವಳೇ ಹೊರಟಳು. ಮಗ ಗಾಡಿ ತಂದು ನಿಲ್ಲಿಸಿದ. ಬೇಡವೆನ್ನದೆ ಹತ್ತಿದಳು, ಆದರೆ ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ತಡೆದು, ಇಲ್ಲಿಂದ ಒಳಗೆ ನನ್ನ ಕೆಲಸ ಅಂದಳು. ಅವನು ಏನೋ ಹೇಳಲು ಹೋಗಿ ತಡವರಿಸಿದ.

"ಅಮ್ಮ, ನಾನು ಅಂಗಡೀಲಿ ಅಷ್ಟು ವರ್ಷ ಸೇದ್ದೆ. ಅದರಿಂದ್ಲೇ ಬಂದಿರಬಹುದು ಅಂತ ನನಗೆ ಹೇಳೋಕೆ ಬಾಯಿ ಬರಲಿಲ್ಲ."

"ನಿನ್ನ ಹೆದರಿಕೆಗೆ ನನ್ನ ಆಯಸ್ಸು ಖರ್ಚು ಮಾಡಿದ್ಯಲ್ಲೋ," ಅಂದು ಒಳಗೆ ನಡೆದಳು.

ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವಳು. ಚಿತ್ರ ಬಂದ ಮೇಲೆ ಮನೆಯವರು ಯಾರಾದರೂ ಇದ್ದಾರಾ ಎಂದು ಅಭ್ಯಾಸಬಲದಿಂದ ಕೇಳಿದಳು. ಎದೆ ನಂದು, ನನಗೇ ತೋರಿಸಿ ಎಂದು ಕನ್ನಡಿಯಮ್ಮ ಕುರ್ಚಿಯನ್ನು ಕಂಪ್ಯೂಟರ್ ಪರದೆಯ ಹತ್ತಿರ ಎಳೆದುಕೊಂಡಳು. ವೈದ್ಯೆ ಪರದೆಯನ್ನು ಅವಳ ಕಡೆ ತಿರುಗಿಸಿದಳು.

ಗಂಟು ಅಂದಾಕ್ಷಣ ಕ್ಯಾನ್ಸರ್ ಅಲ್ಲ ಎಂದು ಮೊದಲೇ ಹೇಳಿದಳು. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದವರಲ್ಲಿ ಇಂಥವು ಎಷ್ಟೋ ಸಿಗುತ್ತವೆ, ಹೆಚ್ಚಿನವು ಯಾವ ಕೇಡೂ ಮಾಡುವುದಿಲ್ಲ. ಆದರೆ ಎಲ್ಲ ಗಂಟೂ ಒಂದೇ ಜಾತಿಯದಲ್ಲ. ಕೆಲವು ಪೂರ್ತಿ ಗಟ್ಟಿ. ಅವು ಸಣ್ಣದಾಗಿ, ಅಂಚು ನುಣುಪಾಗಿ, ಒಳಗೆ ಸುಣ್ಣ ತುಂಬಿಕೊಂಡಿದ್ದರೆ ಮಾಗಿದ ಹಳೆಯ ಗಾಯವಿದ್ದಂತೆ, ನೀವು ಹೇಳಿದ ಯಜಮಾನರ ಗಂಟು ಆ ಜಾತಿ. ಗಟ್ಟಿ ಗಂಟೇ ದೊಡ್ಡದಾಗಿ, ಅಂಚು ಮುಳ್ಳುಮುಳ್ಳಾಗಿ, ನೋಡನೋಡುತ್ತ ಬೆಳೆದರೆ ಅದರ ದಾರಿ ಬೇರೆ. ಕೆಲವು ಬರೀ ಮಂಜು. ಸೋಂಕಿನಿಂದ ಬಂದಿದ್ದರೆ ಕರಗಿ ಹೋಗುತ್ತವೆ, ಕರಗದೆ ಉಳಿದರೂ ಬೆಳೆಯುವುದು ಬಹಳ ನಿಧಾನ. ಅದಕ್ಕೇ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುವುದು.

"ನಂದು?"

"ನಿಮ್ಮದು ಎರಡೂ ಸೇರಿದ್ದು ಅಮ್ಮ. ಸುತ್ತ ಮಂಜು, ನಡುವೆ ಗಟ್ಟಿ ಚುಕ್ಕೆ. ಸಣ್ಣದಿದ್ರೂ ನಾವು ಜಾಸ್ತಿ ಅನುಮಾನ ಪಡೋದು ಇದರ ಮೇಲೇ. ಇದು ಅವತ್ತಿನ ಚಿತ್ರ, ಇದು ಇವತ್ತಿಂದು. ಮಂಜು ಕರಗಿಲ್ಲ. ಚುಕ್ಕೆ ದೊಡ್ಡದಾಗಿದೆ."

ಕನ್ನಡಿಯಮ್ಮ ಎರಡನ್ನೂ ನೋಡಿದಳು. ಕಲೆ ಹುಡುಕಿ ಪಳಗಿದ ಕಣ್ಣಿಗೆ ಯಾರೂ ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ. ನಾನು ಒಂದು ದಿನವೂ ಸೇದಿದವಳಲ್ಲ, ಮಗ ಅಂಗಡಿಯೊಳಗೆ ಸೇದುತ್ತಿದ್ದ ಅಂದಳು. ಸೇದುವವರಿಗೆ ಅಪಾಯ ಹೆಚ್ಚು, ನಿಜ, ಆದರೆ ಈ ಮಂಜಿನ ಜಾತಿ ಸೇದದ ಹೆಂಗಸರಲ್ಲೂ ಬರುತ್ತದೆ, ಮಗನ ಹೊಗೆಯಿಂದಲೇ ಬಂತು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ ಎಂದು ವೈದ್ಯೆ ಅಂದಳು. ಕ್ಯಾನ್ಸರೇ ಇರುವ ಸಂಭವ ಹೆಚ್ಚು, ತೆಗೆದು ಪರೀಕ್ಷೆ ಮಾಡಿದ ಮೇಲಷ್ಟೇ ಖಚಿತ, ಆದರೆ ಕೈಮೀರಿಲ್ಲ, ಬೇರೆಲ್ಲೂ ಹರಡಿದ ಗುರುತಿಲ್ಲ ಎಂದಳು.

ಕನ್ನಡಿಯಮ್ಮ ಏಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದಳು. ಹೇಳಿದ ಸಮಯಕ್ಕೆ ಬಂದಿದ್ದರೆ?

ವೈದ್ಯೆ ಹಳೆಯ ಚಿತ್ರವನ್ನು ಮತ್ತೊಮ್ಮೆ ನೋಡಿದಳು. "ಆಗ ಸಣ್ಣ ತುಂಡು ತೆಗೆದ್ರೆ ಸಾಕಾಗ್ತಿತ್ತೇನೋ. ಈಗ ಆ ಭಾಗವನ್ನೇ ಪೂರ್ತಿ ತೆಗೀಬೇಕಾಗಬಹುದು. ಖಂಡಿತ ಹೀಗೇ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಸುಳ್ಳು ಹೇಳದ ಒಬ್ಬಳಾದರೂ ಸಿಕ್ಕಳಲ್ಲ ಎಂದು ಕನ್ನಡಿಯಮ್ಮನ ಕಣ್ಣು ತುಂಬಿತು. ಮನೆಗೆ ಬಂದು ಮೂವರನ್ನೂ ಕೂರಿಸಿ, ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಗೀರಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಮಗ ಹೊರಗೆ ಹೋದ. ಸೊಸೆ ಅಡುಗೆಮನೆಗೆ ಹೋಗಿ ಹುರುಳಿಕಾಯಿ ನಾರು ತೆಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಕನ್ನಡಿಯಮ್ಮನೂ ಹೋಗಿ ಎದುರಿಗೆ ಕೂತು ಒಂದು ಹಿಡಿ ಎಳೆದುಕೊಂಡಳು. ಇಬ್ಬರೂ ಬಹಳ ಹೊತ್ತು ಬರೀ ಕಾಯಿ ಮುರಿದರು.

"ಮಾವನಿಗೆ ತಿಳೀಲಿಲ್ಲ," ಸೊಸೆ ತಾನಾಗಿ ಶುರುಮಾಡಿದಳು. "ನನಗೆ ತಿಳಿದಿತ್ತು. ನಮ್ಮ ಔಷಧಿ ಅಂಗಡಿ ಯಜಮಾನರನ್ನ ಕೇಳಿದ್ದೆ. ಈ ಥರದ್ದನ್ನ ಮುಂದೂಡಬೇಡಮ್ಮ ಅಂದ್ರು."

"ಯಾವಾಗ ಕೇಳಿದ್ದೆ?"

"ಅದೇ ವಾರ."

ಕನ್ನಡಿಯಮ್ಮನ ಕೈ ನಿಂತಿತು. ಗಂಡನದು ದಡ್ಡತನ, ಮಗನದು ಪುಕ್ಕಲುತನ, ಅವೆರಡನ್ನೂ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದೆಂದು ಅವಳು ಈ ದಿನಗಳಲ್ಲಿ ತನಗೆ ತಾನೇ ಹೇಳಿಕೊಂಡಿದ್ದಳು. ಇದನ್ನು ಎಲ್ಲಿ ಹಾಕಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಮತ್ತೆ ಯಾಕೆ ಎಂದು ಕೇಳಿದಳು. ಸೊಸೆ ಅಳಲಿಲ್ಲ, ಅದೊಂದು ಒಳ್ಳೆಯದು.

"ಆಗಷ್ಟೇ ಅಂಗಡಿ ಪೂರ್ತಿ ನನ್ನ ಕೈಗೆ ಬಿಟ್ಟಿದ್ರು. ನೀವು ಆಸ್ಪತ್ರೆ ಸೇರಿದ್ರೆ ಪುಟ್ಟಿನ ನೋಡ್ಕೊಳ್ಳೋಕೆ ನಾನೇ ಕೂರಬೇಕಾಗ್ತಿತ್ತು. ಕೂತ್ರೆ ಇವರು ಮತ್ತೆ ಏಳೋಕೆ ಬಿಡ್ತಿರಲಿಲ್ಲ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂದ್ಕೊಂಡೆ."

"ನಿನ್ನ ಕೆಲಸಕ್ಕೋಸ್ಕರ ನಾನು ಜಗಳ ಆಡಿದ್ದೆ."

"ಗೊತ್ತು ಅತ್ತೆ."

"ಹೇಳಿದ್ರೆ ಮತ್ತೆ ಆಡ್ತಿದ್ದೆ. ಆಸ್ಪತ್ರೆ ಮಂಚದ ಮೇಲಿಂದ ಆಡ್ತಿದ್ದೆ."

ಆಗ ಸೊಸೆ ಅತ್ತಳು. ಕನ್ನಡಿಯಮ್ಮ ಸಮಾಧಾನ ಮಾಡಲಿಲ್ಲ. ಉಳಿದ ಕಾಯಿಗಳ ನಾರು ತೆಗೆದು, ತೊಳೆದು, ಒಲೆಗೆ ಹಾಕಿದಳು. ರಾತ್ರಿಯೂಟಕ್ಕೆ ಕಾಯಿ ಚೆನ್ನಾಗಿ ಬೆಂದಿತ್ತು, ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಆಪರೇಷನ್ನಿಗೆ ಮೂವರೂ ಬಂದರು. ಪುಟ್ಟಿಯನ್ನು ನಾನು ನೋಡಿಕೊಳ್ಳುತ್ತೇನೆಂದು ದರ್ಜಿ ತಾನಾಗಿ ಬಂದು ಕರೆದುಕೊಂಡು ಹೋಗಿದ್ದಳು. ತಳ್ಳುಗಾಡಿಯ ಮೇಲೆ ಮಲಗಿದ್ದವಳ ಬಳಿ ವೈದ್ಯೆ ಬಗ್ಗಿ, ಒಳಗೆ ಗಂಟು ತೆಗೆದ ತಕ್ಷಣ ಒಂದು ಪರೀಕ್ಷೆ ಮಾಡ್ತೀವಿ, ಅದರ ಫಲ ಇವರಲ್ಲಿ ಯಾರಿಗೆ ಹೇಳಲಿ ಎಂದು ಕೇಳಿದಳು. ಮೂವರೂ ಒಂದು ಹೆಜ್ಜೆ ಮುಂದೆ ಬಂದರು.

"ಯಾರಿಗೂ ಬೇಡ," ಅಂದಳು ಕನ್ನಡಿಯಮ್ಮ. "ನನಗೆ ಎಚ್ಚರ ಆಗೋವರೆಗೆ ತಡೀರಿ. ನನಗೆ ಹೇಳಿ. ಇವರಿಗೆ ನಾನು ಹೇಳ್ತೀನಿ."

ಗೀರಪ್ಪ, ಅಷ್ಟು ಹೊತ್ತು ನಾವು ಏನೂ ಗೊತ್ತಿಲ್ಲದೆ ಕೂರೋದಾ ಎಂದು ಗೊಣಗಿದ. ಹೂಂ, ಕೂತ್ಕೊಳ್ಳಿ ಅಂದಳು. ಗಾಡಿ ಒಳಗೆ ಹೋಯಿತು.

ಅವಳಿಗೆ ಸರಿಯಾಗಿ ಎಚ್ಚರವಾಗಿ, ಮಾತಾಡುವಷ್ಟು ತ್ರಾಣ ಬರುವಾಗ ಮಧ್ಯಾಹ್ನ ಇಳಿದಿತ್ತು. ಪಕ್ಕೆಯಲ್ಲಿ ಕೊಳವೆ, ಉಸಿರೆಳೆದರೆ ಚುಚ್ಚುವ ನೋವು. ವೈದ್ಯೆ ಮಂಚದ ಅಂಚಿಗೆ ಕೂತು ಹೇಳಿದಳು, ಕನ್ನಡಿಯಮ್ಮ ಕಣ್ಣು ಮುಚ್ಚಿ ಕೇಳಿದಳು, ಅರ್ಥವಾಗದ್ದನ್ನು ಮತ್ತೆ ಹೇಳಿಸಿಕೊಂಡಳು. ಹೊರಗಿದ್ದವರು ಪಾಪ ಒಂದು ತೊಟ್ಟು ಚಹಾವನ್ನೂ ಕುಡಿಯದೆ ಕೂತಿದ್ದಾರೆಂದು ನರ್ಸ್ ಬಂದು ಹೇಳಿದಳು. ಕನ್ನಡಿಯಮ್ಮ ಇನ್ನೂ ಸ್ವಲ್ಪ ಹೊತ್ತು ಒಬ್ಬಳೇ ಅದನ್ನು ತನ್ನ ಹತ್ತಿರ ಇಟ್ಟುಕೊಂಡಳು. ಆಮೇಲೆ ಕರೀರಿ ಅಂದಳು.

ಮೂವರೂ ಬಂದು ಮಂಚದ ಸುತ್ತ ನಿಂತರು. ಸೊಸೆ ಕಾಲ ಬಳಿ, ಮಗ ಅವಳ ಹಿಂದೆ, ಗೀರಪ್ಪ ತಲೆಯ ಹತ್ತಿರ. ಕನ್ನಡಿಯಮ್ಮ ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡಳು.

"ಕ್ಯಾನ್ಸರೇ. ಬಲಗಡೆ ಮೇಲಿನ ಭಾಗ ಪೂರ್ತಿ ತೆಗೆದಿದ್ದಾರೆ. ಗಂಟು ಎಲ್ಲಾ ಬಂದಿದೆ ಅಂತಾರೆ. ಅಕ್ಕಪಕ್ಕ ಹೋಗಿದೆಯೋ ಇಲ್ವೋ ಅನ್ನೋದು ಮುಂದಿನ ವಾರ ಗೊತ್ತಾಗುತ್ತೆ. ಗೊತ್ತಾದ ದಿನ ನಿಮಗೂ ಹೇಳ್ತೀನಿ."

ಗೀರಪ್ಪ ಅವಳ ಮಾತು ಮುಗಿಯುವವರೆಗೆ ಅವಳನ್ನೇ ನೋಡುತ್ತಿದ್ದ. ಮುಗಿದದ್ದೇ ತಡ, ಕಣ್ಣೆತ್ತಿ ಅವಳ ತಲೆಯ ಮೇಲಿಂದ ವೈದ್ಯೆಯ ಕಡೆ ನೋಡಿ, ದನಿ ತಗ್ಗಿಸಿ, "ಏನೂ ಭಯ ಇಲ್ಲ ತಾನೇ ಡಾಕ್ಟ್ರೇ?" ಎಂದು ಕೇಳಿದ.

ವೈದ್ಯೆ ಮಂಚದ ಮೇಲಿದ್ದವಳನ್ನು ನೋಡಿದಳು. ಸೊಸೆಯೂ ಅತ್ತೆಯನ್ನೇ ನೋಡಿದಳು. ಗೀರಪ್ಪನಿಗೆ ತಾನು ಮಾಡಿದ್ದೇನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಮಂಚದ ಕಂಬಿ ಹಿಡಿದು, ಇಷ್ಟು ವರ್ಷದ ಸಂಸಾರದಲ್ಲಿ ಎಂದೂ ಅಷ್ಟು ಬಗ್ಗದವನು ಅವಳ ಮುಖದ ಮಟ್ಟಕ್ಕೆ ಬಗ್ಗಿದ.

"ನೋವಿದೆಯಾ?" ಎಂದು ಅವಳನ್ನೇ ಕೇಳಿದ.

"ತುಂಬಾ ಇದೆ," ಅಂದಳು ಕನ್ನಡಿಯಮ್ಮ.